ಬೀದರ್ ಮಕ್ಕಳ ನಿದ್ದೆ ಅಳೆಯುವವರು ಯಾರು?

ಬೆಂಗಳೂರಿನಲ್ಲಿ ‘ಬಜ್ಜಿ’ ಎಂದರೆ ಎಣ್ಣೆಯಲ್ಲಿ ಕರಿದದ್ದು. ಬೀದರ್‌ನಲ್ಲಿ ‘ಭಜ್ಜಿ’ ಎಂದರೆ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ರೊಟ್ಟಿಯೊಂದಿಗೆ ಉಣ್ಣುವ, ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿದ ಪಲ್ಯ. ನಿದ್ದೆ ಮತ್ತು ನೆನಪಿನ ಸಂಶೋಧನೆಗೆ ಇದು ಸಣ್ಣ ವಿಷಯವಲ್ಲ. ಆ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯೊಂದರಲ್ಲಿ ಮಲಗುವ ಮುನ್ನ ಜೋಡಿ ಪದಗಳನ್ನು ಕಲಿಸಿ, ಬೆಳಿಗ್ಗೆ ಒಂದು ಪದ ಹೇಳಿ ಇನ್ನೊಂದನ್ನು ಕೇಳುತ್ತಾರೆ. ‘ಭಜ್ಜಿ–ಹೊಲ’ ಜೋಡಿಯನ್ನು ಬೀದರ್ ಜಿಲ್ಲೆಯ ಔರಾದ್‌ನ ಹುಡುಗಿಗೆ ಕಲಿಸಬೇಕಾದ್ದೇ ಇಲ್ಲ. ಮೈಸೂರಿನ ಹುಡುಗಿ ಹೊಸದಾಗಿ ಕಲಿಯಬೇಕು. ‘ಮುದ್ದೆ–ಸಾರು’ ಆದರೆ ಮಾತು ತಿರುವುಮುರುವು. ಇಬ್ಬರಿಗೂ ಒಂದೇ ಪಟ್ಟಿ ಕೊಟ್ಟರೆ ಅಳೆದಂತಾಗುವುದು ನೆನಪನ್ನಲ್ಲ, ಊರನ್ನು.

ಇದನ್ನು ಗಮನಿಸಬಲ್ಲವರು ಈ ನೆಲದಲ್ಲೇ ಬೆಳೆದ ಕಿರಿಯ ಸಂಶೋಧಕರು. ಆದರೆ ಅಂಥವರಿಗೆ ಇಲ್ಲಿ ಜಾಗವಿಲ್ಲ. ನಿದ್ದೆಯ ಮೇಲೆ ಗಂಭೀರ ಕೆಲಸ ಮಾಡಬೇಕೆಂದರೆ ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ, ನಿಮ್ಹಾನ್ಸ್‌ನಂಥ ಸಂಸ್ಥೆಗೆ ಹೋಗಬೇಕು.

ಅಧ್ಯಯನ ಆಗಬೇಕಾದ ಮಕ್ಕಳಿರುವುದು ಮಾತ್ರ ಇಲ್ಲಿ. ಬೀದರ್ ನಗರ ಮತ್ತು ಭಾಲ್ಕಿ ಇಂದು ನೀಟ್ ಓದಿನ ಊರುಗಳು; ವಸತಿ ಕಾಲೇಜುಗಳಿಗೆ ದೂರದೂರದಿಂದ ಮಕ್ಕಳು ಬರುತ್ತಾರೆ. ಯಾವ ಊರಿನದೇ ಇರಲಿ, ಇಂಥ ಓದಿನಲ್ಲಿ ಮೊದಲು ಕತ್ತರಿ ಬೀಳುವುದು ನಿದ್ದೆಗೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಹೇಳಿತು. ಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುತ್ತದೆ, ಬೇಗ ಮಲಗೆಂದರೂ ನಿದ್ದೆ ಬರುವುದಿಲ್ಲ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲರ್ಧದಲ್ಲಿ, ಕನಸಿನ ನಿದ್ದೆ ನಸುಕಿನ ಕಡೆಗೆ ದಟ್ಟ. ನಸುಕಿಗೇ ಎಬ್ಬಿಸಿದರೆ ಕಳೆದುಹೋಗುವುದು ಬರೀ ಎರಡು ಗಂಟೆಯಲ್ಲ, ಒಂದು ಬಗೆಯ ನಿದ್ದೆಯ ದೊಡ್ಡ ಪಾಲು.

ನಿದ್ದೆ ನೆನಪನ್ನು ಕಾಯುತ್ತದೆಂಬುದು ಹೊಸ ಮಾತಲ್ಲ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರೇ ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ, ಕಲಿತ ಮೇಲೆ ಎಚ್ಚರವಿದ್ದಾಗಿನದಕ್ಕಿಂತ ಮಲಗಿದಾಗ ಮರೆವು ಕಡಿಮೆ ಎಂದು ತೋರಿಸಿದರು. ನೂರು ವರ್ಷ ಕಳೆದರೂ ಆ ತಿಳಿವು ನಮ್ಮ ಹಾಸ್ಟೆಲ್‌ಗಳ ವೇಳಾಪಟ್ಟಿಯೊಳಗೆ ಇಳಿದಿಲ್ಲ.

ಕಿರಿಯ ಸಂಶೋಧಕರ ಕೆಲಸವೇನೆಂದು ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಟೇಪು ಹಿಡಿದು ತಲೆ ಅಳೆದು, ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸಿ, ಬೇರೆಯವರು ಮಲಗಿದಾಗ ತಾವು ಪರದೆ ಕಾಯುತ್ತ ಕೂರಬೇಕು. ಆಮೇಲೆ ಆ ರಾತ್ರಿಯನ್ನು 30 ಸೆಕೆಂಡಿನ ತುಣುಕುಗಳಾಗಿ ಓದಿ, ಪ್ರತಿಯೊಂದಕ್ಕೂ ನಿದ್ದೆಯ ಹಂತ ಗುರುತಿಸಬೇಕು. ಎಂಟು ಗಂಟೆಗೆ 960 ತುಣುಕು. ಇದಕ್ಕೆ ಕೇಂದ್ರ ಸರ್ಕಾರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ ₹37,000. ಮೊತ್ತ ಕಡಿಮೆ ಎನ್ನುವುದಕ್ಕಿಂತ, ಅದು ತಡವಾಗಿ ಬಂದರೆ ಮನೆಗೆ ಹಣ ಕಳಿಸಬೇಕಾದ ಹಳ್ಳಿಯ ಹುಡುಗ ಸಂಶೋಧನೆಯನ್ನೇ ಬಿಡುತ್ತಾನೆ ಎಂಬುದು ನನ್ನ ಆತಂಕ. ಫೆಲೋಶಿಪ್‌ಗಾಗಿ ಬರೆಯುವ ಸಿಎಸ್‌ಐಆರ್‌ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುವುದರಿಂದ ಬಾಗಿಲಲ್ಲೇ ಹಲವರು ನಿಲ್ಲುತ್ತಾರೆ.

ಸಂವಿಧಾನದ 371 ಜೆ ವಿಧಿಯಿಂದ ಈ ಭಾಗಕ್ಕೆ ಸೀಟು, ನೌಕರಿಗಳಲ್ಲಿ ಮೀಸಲಾತಿ ದಕ್ಕಿತು. ಪ್ರಯೋಗಾಲಯವೂ ದಕ್ಕಬೇಕು. ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅದರಲ್ಲಿ ಶರೀರಕ್ರಿಯಾ ವಿಭಾಗವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎರಡು ಹುದ್ದೆಯ ಹೊಣೆ ಹೊತ್ತು, ಬೆಂಗಳೂರಿನ ಪರಿಣತರು ಮಾರ್ಗದರ್ಶನ ಕೊಟ್ಟರೆ ಕೆಲಸ ಶುರುವಾಗುತ್ತದೆ. ಮೊದಲ ದಿನವೇ ದುಬಾರಿ ಯಂತ್ರ ಬೇಡ. ಮಣಿಕಟ್ಟಿಗೆ ಕಟ್ಟುವ ಚಲನೆ ಅಳೆಯುವ ಪಟ್ಟಿ, ನಿದ್ದೆಯ ದಿನಚರಿ, ಪೋಷಕರ ಒಪ್ಪಿಗೆ ಸಾಕು.

ಪದಪಟ್ಟಿ ಮಾತ್ರ ಮೊದಲೇ ಬೇಕು, ಏಕೆಂದರೆ ಇಲ್ಲಿ ಮನೆಯ ಭಾಷೆಯೂ ಶಾಲೆಯ ಭಾಷೆಯೂ ಯಾವಾಗಲೂ ಒಂದೇ ಅಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಔರಾದ್‌ನ ಒಂದೇ ತರಗತಿಯಲ್ಲಿ ಇಂದಿಗೂ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಆಡುವ ಮಕ್ಕಳು ಜೊತೆಗೆ ಕೂರುತ್ತಾರೆ. ಸಂಶೋಧಕರು ಮೊದಲ ಆರು ತಿಂಗಳು ಅಲ್ಲಿನ ಶಾಲೆಗಳಲ್ಲಿ ಕಳೆಯಲಿ. ಯಾವ ಪದ ಯಾವ ಮಗುವಿಗೆ ಮನೆಯದು, ಯಾವುದು ಪುಸ್ತಕದ್ದು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಲಿ. ಎಲೆಕ್ಟ್ರೋಡ್ ಆಮೇಲೆ ಅಂಟಿಸಿದರಾಯಿತು.