ಹೆದರಿಕೆಯ ಕಥೆಗೆ ಹೆಣ್ಣಿನ ಹೆಸರು

ಮಳೆ ಹಿಂದೆ ಸರಿದಿದೆ, ಯಕ್ಷಗಾನ ಮೇಳಗಳು ಇನ್ನೂ ತಿರುಗಾಟಕ್ಕೆ ಹೊರಟಿಲ್ಲ. ಕರಾವಳಿಯಲ್ಲಿ ಓದಿಗೆ ಸಿಗುವ ಒಳ್ಳೆಯ ಬಿಡುವು ಇದು. ಮಹಾಲಯದಲ್ಲಿ ಸತ್ತವರನ್ನು ನೆನೆದು ಎಡೆಯಿಟ್ಟ ಮನೆಗಳಲ್ಲಿ ದೆವ್ವದ ಕಥೆಗೂ ಇದೇ ಕಾಲ. ಆದರೆ ಹೆಂಗಸರು ಬರೆದ ದೆವ್ವದ ಕಥೆಯ ಪುಸ್ತಕ ಬೇಕೆಂದು ಭಟ್ಕಳ, ಹೊನ್ನಾವರ, ಕುಮಟೆಯಲ್ಲಿ ಹುಡುಕಿದರೆ ಸುಲಭಕ್ಕೆ ಸಿಗದು. ಈ ಸೀಮೆಯ ಮಕ್ಕಳಿಗೆ ಚೌಡಿಯ, ಜಟಕನ, ಕೊಳ್ಳಿದೆವ್ವದ ಕಥೆ ಹೇಳಿದವರು ಅಜ್ಜಿಯರು, ಅತ್ತೆಯರು, ಚಿಕ್ಕಮ್ಮಂದಿರು. ಹಾಗಿದ್ದೂ ಕಪಾಟಿನಲ್ಲಿ ಅವರ ಹೆಸರು ಯಾಕಿಲ್ಲ?

ಭಯದ ಬರವಣಿಗೆ ಹೆಂಗಸರಿಗೆ ಒಗ್ಗುವುದಿಲ್ಲ ಎಂಬ ಉತ್ತರವನ್ನು ನಾನು ಒಪ್ಪಲಾರೆ. ಕನ್ನಡದಲ್ಲಿ ನಾನು ಓದಿದ ಅತ್ಯಂತ ಭಯಾನಕ ಕಥೆ ‘ಕೆರೆಗೆ ಹಾರ’ ಎಂಬ ಜನಪದ ಹಾಡು. ಅದರಲ್ಲಿ ದೆವ್ವವಿಲ್ಲ, ಸ್ಮಶಾನವಿಲ್ಲ. ಕೆರೆಯಲ್ಲಿ ನೀರು ಬರಲು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಬೇಕೆಂದು ಮನೆಯ ಹಿರಿಯರು ಕೂಡಿ ತೀರ್ಮಾನಿಸುತ್ತಾರೆ. ಭಾಗೀರಥಿ ತವರಿಗೆ ಹೋಗುತ್ತಾಳೆ, ಅಪ್ಪನ ಮುಂದೆ ಬೇರೇನೋ ಹೇಳಿ ತೇಲಿಸುತ್ತಾಳೆ, ನಿಜವನ್ನು ಗೆಳತಿಗೆ ಮಾತ್ರ ಹೇಳುತ್ತಾಳೆ. ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ, ಮರೆತುಬಂದ ಬಂಗಾರದ ಬಟ್ಟಲು ತರಲು ಅವಳೊಬ್ಬಳೇ ಕೆರೆಗಿಳಿಯುತ್ತಾಳೆ. ಹತ್ತಿ ಬರುವಾಗ ಮೆಟ್ಟಿಲು ಮೆಟ್ಟಿಲಿಗೂ ನೀರು ಅವಳ ಜೊತೆಗೇ ಏರುತ್ತದೆ. ಕೊಲ್ಲುವವರು ಇಲ್ಲಿ ಮನೆಯವರೇ, ಅದೂ ಮಡಿಯುಟ್ಟು, ಹೂವಿಟ್ಟು. ಹಾಡಿಕೊಂಡು ಬಂದ ಹೆಂಗಸರಿಗೆ ಯಾವುದಕ್ಕೆ ಹೆದರಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಗಂಡಸರು ಹೇಳುವ ಮೋಹಿನಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಅಪಾಯ ಇರುವುದು ಊರಾಚೆ, ರಾತ್ರಿ ದಾರಿಯಲ್ಲಿ, ಬಿಟ್ಟ ಕೂದಲಿನ ಹೆಣ್ಣಿನ ರೂಪದಲ್ಲಿ. ಹೆಂಗಸರ ಕಥೆಯಲ್ಲಿ ಅಪಾಯ ಹೊಸಿಲಿನ ಒಳಗೇ ಇದೆ. ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಗುರುತಿಸಿದ ಒಂದು ಸಂಗತಿ ಇದಕ್ಕೆ ಹೊಂದುತ್ತದೆ: ಗಂಡು ನಾಯಕನಾದ ಕಥೆ ಮದುವೆಯಲ್ಲಿ ಮುಗಿಯುತ್ತದೆ, ಹೆಣ್ಣಿನ ಕಥೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯಾದ ಮೇಲೆ.

ನಮ್ಮ ನೆಲದಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಕುಮಟೆ ಪೇಟೆಯಲ್ಲಿ ಮಾಸ್ತಿಕಟ್ಟೆ ಎಂದರೆ ಬಸ್ಸು, ರಿಕ್ಷಾ, ಅಂಗಡಿಗಳ ಜಾಗ. ಮಾಸ್ತಿ ಎಂದರೆ ಮಹಾಸತಿ, ಗಂಡನ ಚಿತೆಯೇರಿದವಳು. ಮಾಸ್ತಿಕಲ್ಲನ್ನು ಹತ್ತಿರದಿಂದ ನೋಡಿದರೆ ಮೊಣಕೈ ಮಡಿಸಿ ಮೇಲಕ್ಕೆತ್ತಿದ ಒಂದು ತೋಳು, ಬಿಚ್ಚಿದ ಅಂಗೈ, ಮುಂಗೈ ತುಂಬ ಬಳೆ. ಸುಟ್ಟ ಹೆಣ್ಣನ್ನು ಊರು ದೇವರು ಮಾಡಿ ಪೂಜಿಸಿತು, ಅವಳ ಸಿಟ್ಟಿಗೆ ಹೆದರಿತು. ಆ ಹೆದರಿಕೆಯಲ್ಲಿ ಊರಿನ ಅಪರಾಧಪ್ರಜ್ಞೆಯೂ ಇತ್ತೆಂದು ನಾನು ನಂಬುತ್ತೇನೆ. ನಮ್ಮ ಊರುಗಳ ಬಹುಪಾಲು ಹೆಣ್ಣು ದೆವ್ವಗಳನ್ನು ಹೀಗೆಯೇ ಓದಬೇಕು: ಬಾವಿಗೆ ಬಿದ್ದವಳು, ಬಾಣಂತಿಯಾಗಿ ಸತ್ತವಳು, ಬದುಕಿದ್ದಾಗ ಯಾರೂ ಕೇಳದ ದೂರನ್ನು ಸತ್ತ ಮೇಲೆ ಹೇಳಲು ಬಂದವಳು.

ಅಚ್ಚಿನ ಲೋಕ ಈ ಕಥೆಗಳನ್ನು ಬಿಟ್ಟುಬಿಡಲಿಲ್ಲ. ಕುಮಟೆಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಲ್.ಆರ್. ಹೆಗಡೆ ಈ ಜಿಲ್ಲೆಯ ಹಾಡು, ಕಥೆಗಳನ್ನು ಮನೆಮನೆ ತಿರುಗಿ ಬರೆದುಕೊಂಡರು. ಆ ದುಡಿಮೆ ಇಲ್ಲದಿದ್ದರೆ ಎಷ್ಟೋ ಕಥೆ ಹೇಳಿದವರ ಜೊತೆಗೇ ಹೋಗುತ್ತಿದ್ದವು. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ‘ನಾಗಮಂಡಲ’ಕ್ಕೆ ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳು ಮೂಲ. ಇಂಥ ಕಥೆಗಳನ್ನು ಮನೆಯ ಹಿರಿಯ ಹೆಂಗಸರು ಮಕ್ಕಳಿಗೆ ಉಣಿಸುತ್ತ ಹೇಳುತ್ತಾರೆ, ಆದರೆ ಅವು ಹೆಂಗಸರು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ದಾರಿಯೂ ಹೌದು ಎಂದು ಕಾರ್ನಾಡರೇ ಬರೆದಿದ್ದಾರೆ. ಭಾಗೀರಥಿ ಗೆಳತಿಗೆ ಹೇಳಿದ್ದೂ ಅದೇ ದಾರಿಯಲ್ಲಿ. ಅಲ್ಲಿಂದ ಕಥೆ ವಿದ್ವಾಂಸರಿಗೆ ಬಂತು, ನಾಟಕಕಾರರಿಗೆ ಬಂತು, ಒಂದೊಂದು ಮೆಟ್ಟಿಲಲ್ಲಿ ಒಂದೊಂದು ಹೆಸರು ಪಡೆಯಿತು. ಮೊದಲ ಮೆಟ್ಟಿಲಿನವಳು ಮಾತ್ರ ‘ಜನಪದ’ ಆಗಿ ಉಳಿದಳು. ಬರೆದವಳಿಗೂ ಇದು ತಪ್ಪಿದ್ದಲ್ಲ: ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಮೊದಲು ಅಚ್ಚಾದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ.

ಜನಪದ ಕಥೆ ಇಡೀ ಸಮುದಾಯದ್ದು, ಒಬ್ಬಳ ಹೆಸರು ಹಾಕುವುದು ಸರಿಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಂದೇ ಕಥೆಯನ್ನು ಇಬ್ಬರು ಒಂದೇ ಥರ ಹೇಳುವುದಿಲ್ಲ. ಎಲ್ಲಿ ತಡೆಯಬೇಕು, ಅತ್ತೆಗೆ ಯಾವ ಮಾತು ಕೊಡಬೇಕು ಎಂದು ಗೊತ್ತುಮಾಡುವವಳು ಹೇಳುವವಳೇ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಆ ಹಾಡುಗಳೇನೂ ಹಾಲಕ್ಕಿಗಳ ಕೈತಪ್ಪಲಿಲ್ಲ.

ಬರೆದ ಹೆಂಗಸರೂ ಇದ್ದಾರೆ, ನಾವು ಅವರನ್ನು ಬೇರೆ ಸಾಲಿನಲ್ಲಿಟ್ಟಿದ್ದೇವೆ. ತ್ರಿವೇಣಿಯವರ ‘ಶರಪಂಜರ’ವನ್ನು ಮನೋವೈಜ್ಞಾನಿಕ ಕಾದಂಬರಿ ಎನ್ನುತ್ತೇವೆ. ಬಾಣಂತನದಲ್ಲಿ ಬುದ್ಧಿ ಕದಡಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನ ಕಣ್ಣುಗಳ ಸಂಶಯವೇ ಮತ್ತೆ ಹುಚ್ಚಿಗೆ ತಳ್ಳುತ್ತದೆ. ಹಳೆಯ ಕಾಲದಲ್ಲಿ ಅವಳಿಗೆ ಗಾಳಿ ಸೋಕಿದೆ ಎನ್ನುತ್ತಿದ್ದರು. ಈ ಬಿಡುವಿನಲ್ಲಿ ಆ ಕಾದಂಬರಿಯನ್ನು ‘ಕೆರೆಗೆ ಹಾರ’ದ ಜೊತೆಗಿಟ್ಟು, ದೆವ್ವದ ಕಥೆಯೆಂದೇ ಓದಿ. ಜೊತೆಗೆ ಮನೆಯಲ್ಲಿ ಕಥೆ ಬಲ್ಲ ಹಿರಿಯರಿದ್ದರೆ, ಹಾಲಕ್ಕಿಯಾಗಲಿ ಕೊಂಕಣಿಯಾಗಲಿ ನವಾಯತಿಯಾಗಲಿ, ಅವರ ಮಾತಿನಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೇಳಿದವರ ಹೆಸರು, ಊರು, ತಾರೀಖು ಸಮೇತ ಬರೆದಿಡಿ.