ಬೀರುವಿನಲ್ಲಿ ಬೀಗ ಹಾಕಿಟ್ಟ ಕಾನೂನು ಯಾರಿಗಾಗಿ?

ಸರ್ಕಾರ ಒಂದು ನಿಯಮ ಮಾಡುತ್ತದೆ. ಅದನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿಟ್ಟು ಬೀಗ ಜಡಿಯುತ್ತದೆ. ನಾಳೆ ನಿಮ್ಮನ್ನು ಎದುರಿಗೆ ನಿಲ್ಲಿಸಿಕೊಂಡು ‘ಈ ನಿಯಮದ ಪ್ರಕಾರ ನಿನಗೆ ಹಕ್ಕಿಲ್ಲ, ನಡಿ’ ಎನ್ನುತ್ತದೆ. ಇದು ಕಟ್ಟುಕತೆಯಲ್ಲ ಗೆಳೆಯರೇ. ಸೋವಿಯತ್ ಒಕ್ಕೂಟದಲ್ಲಿ ದಶಕಗಳ ಕಾಲ ನಡೆದದ್ದು ಇದೇ. ಯಾರು ಯಾವ ಊರಿನಲ್ಲಿ ನೆಲೆಸಬಹುದು ಎಂಬಂಥ ವಿಷಯಗಳ ಆದೇಶಗಳು ಕೂಡ ‘ಕಚೇರಿ ಬಳಕೆಗೆ ಮಾತ್ರ’ ಎಂಬ ಮುದ್ರೆ ಹೊತ್ತು ಕಡತಗಳಲ್ಲಿ ಕೂತಿದ್ದವು. ಜನರ ಬದುಕನ್ನು ಆಳುವ ಕಾಗದವನ್ನು ಜನರೇ ಓದುವಂತಿರಲಿಲ್ಲ!

ಆ ಬೀಗಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1990ರ ನವೆಂಬರ್ 29ರಂದು. ಕಾನೂನು ಪಂಡಿತ ಸೆರ್ಗೇಯ್ ಅಲೆಕ್ಸೇಯೆವ್ ಅಧ್ಯಕ್ಷರಾಗಿದ್ದ ಸಂವಿಧಾನ ಮೇಲ್ವಿಚಾರಣಾ ಸಮಿತಿ ಅಂದು ಖಡಕ್ಕಾಗಿ ಹೇಳಿತು: ನಾಗರಿಕರ ಹಕ್ಕು, ಕರ್ತವ್ಯಗಳಿಗೆ ಸಂಬಂಧಿಸಿದ ಗುಪ್ತ ನಿಯಮಗಳನ್ನೆಲ್ಲ ಮೂರು ತಿಂಗಳೊಳಗೆ ಪ್ರಕಟಿಸಿ, ಇಲ್ಲವಾದರೆ ಅವು ರದ್ದು. ಮರುವರ್ಷ ಡಿಸೆಂಬರಿನಲ್ಲಿ ಒಕ್ಕೂಟವೇ ಕುಸಿಯಿತು. ಹದಿನೈದು ದೇಶಗಳು ಹುಟ್ಟಿದವು. 1993ರ ಡಿಸೆಂಬರ್ 12ರಂದು ರಷ್ಯಾದ ಜನ ಮತ ಹಾಕಿ ಒಪ್ಪಿದ ಸಂವಿಧಾನದ 15ನೇ ವಿಧಿಯಲ್ಲಿ ಆ ಮಾತು ಕೂತಿತು: ಪ್ರಕಟವಾಗದ ಕಾನೂನು ಜಾರಿಯಾಗದು.

ಅಬ್ಬಾ, ಕೆಲಸ ಮುಗಿಯಿತು ಎಂದುಕೊಂಡವರು ಬಹಳ ಮಂದಿ. ಅಮೆರಿಕ, ಜರ್ಮನಿ, ಹಾಲೆಂಡ್‌ಗಳಿಂದ ತಜ್ಞರು ವಿಮಾನ ಹತ್ತಿ ಬಂದರು. ಹೊಸ ಸಿವಿಲ್ ಸಂಹಿತೆಗಳು ಬರೆಯಲ್ಪಟ್ಟವು. ವಿಚಾರ ಸಂಕಿರಣಗಳು ನಡೆದವು, ದಪ್ಪ ದಪ್ಪ ವರದಿಗಳು ಅಚ್ಚಾದವು. ಅವರ ಶ್ರಮವನ್ನು ನಾವು ಹೀಗಳೆಯುವುದಿಲ್ಲ. ಆಸ್ತಿ, ಕರಾರು, ಕಂಪನಿ ಎಂಬ ಪದಗಳಿಗೇ ಹೊಸ ಅರ್ಥ ಬೇಕಿದ್ದ ಕಾಲ ಅದು. ಆದರೆ ಪುಸ್ತಕದಲ್ಲಿ ಕಾನೂನು ಬಂದ ಮಾತ್ರಕ್ಕೆ ಜನರ ಕೈಗೆ ನ್ಯಾಯ ಬಂದೀತೆ? ಮೇಲಿನವರು ನ್ಯಾಯಾಧೀಶನಿಗೆ ಫೋನ್ ಮಾಡಿ ತೀರ್ಪು ಹೇಳಿಕೊಡುವ ಚಾಳಿಗೆ ಅಲ್ಲಿನ ಜನ ‘ಟೆಲಿಫೋನ್ ಕಾನೂನು’ ಎಂದೇ ಹೆಸರಿಟ್ಟಿದ್ದರು. ಸಂವಿಧಾನ ಬದಲಾಯಿತು, ಫೋನಿನ ತಂತಿ ಕತ್ತರಿಸಲಿಲ್ಲ.

ಒಂದು ಪ್ರಕರಣ ನೋಡಿ. ಕಾನೂನು ಪುಸ್ತಕಗಳಲ್ಲಿ ಅದು ಬುರ್ದೊವ್ ಪ್ರಕರಣ. ರಷ್ಯಾದ ಶಾಖ್ತಿ ಪಟ್ಟಣದ ಈ ಮನುಷ್ಯನನ್ನು 1986ರಲ್ಲಿ ಚೆರ್ನೋಬಿಲ್ ಅಣು ದುರಂತದ ಜಾಗ ಸ್ವಚ್ಛ ಮಾಡಲು ಸರ್ಕಾರವೇ ಕಳಿಸಿತ್ತು. ವಿಕಿರಣ ಮೈಗೆ ತಾಗಿತು. ಪರಿಹಾರ ಕೊಡಬೇಕೆಂದು ಕಾನೂನಿತ್ತು. ಕೊಡಲಿಲ್ಲ. 1997ರಲ್ಲಿ ಕೋರ್ಟಿಗೆ ಹೋದ, ಗೆದ್ದ. ಆದರೂ ಹಣ ಬರಲಿಲ್ಲ. ‘ಇಲಾಖೆಯಲ್ಲಿ ದುಡ್ಡಿಲ್ಲ’ ಎಂಬ ಉತ್ತರ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಮಾಸ್ಕೋವಿಗೂ ಸಲ್ಲುತ್ತದೆ. ಕೊನೆಗೆ ಆತ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಕದ ತಟ್ಟಿದ. 2002ರ ಮೇ 7ರಂದು ಆ ನ್ಯಾಯಾಲಯ ರಷ್ಯಾ ತಪ್ಪು ಮಾಡಿದೆ ಎಂದು ತೀರ್ಪಿತ್ತು, 3,000 ಯೂರೋ ಕೊಡಿಸಿತು. ಆಮೇಲಾದರೂ ಬುದ್ಧಿ ಬಂತೇ? ಇಲ್ಲ. ಅದೇ ಮನುಷ್ಯ ಅದೇ ದೂರಿನೊಂದಿಗೆ ಮತ್ತೆ ಹೋಗಬೇಕಾಯಿತು. 2009ರಲ್ಲಿ ಎರಡನೇ ತೀರ್ಪು ಬಂತು. ಇದು ಒಬ್ಬನ ಗೋಳಲ್ಲ, ಇಡೀ ವ್ಯವಸ್ಥೆಯ ರೋಗ ಎಂದು ನ್ಯಾಯಾಲಯ ಬೆರಳಿಟ್ಟು ತೋರಿಸಿತು. 2010ರಲ್ಲಿ ರಷ್ಯಾ ಇಂಥ ವಿಳಂಬಕ್ಕೆ ಪರಿಹಾರ ಕೊಡುವ ಕಾಯ್ದೆಯನ್ನೇ ತರಬೇಕಾಯಿತು. ಒಬ್ಬ ಸಾಮಾನ್ಯ ಮನುಷ್ಯನ ಹಟ ಮಾಡಿದ ಕೆಲಸ ಇದು!

ಹಾಗಾದರೆ ದಾರಿ ಯಾವುದು? ದಾರಿ ಇದೆ, ನಡೆದು ತೋರಿಸಿದವರೂ ಇದ್ದಾರೆ. ಉಕ್ರೇನ್ 2006ರಿಂದ ತನ್ನ ನ್ಯಾಯಾಲಯಗಳ ತೀರ್ಪುಗಳನ್ನು ಯಾರು ಬೇಕಾದರೂ ಓದುವಂತೆ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿತು. ಒಂದೇ ಬಗೆಯ ತಪ್ಪಿಗೆ ಒಬ್ಬನಿಗೆ ಜೈಲು, ಇನ್ನೊಬ್ಬನಿಗೆ ಬಿಡುಗಡೆ ಎಂದಾದರೆ ಜನ ಕೇಳಬಹುದಲ್ಲ! ಅದೇ ದೇಶ 2011ರಲ್ಲಿ ಉಚಿತ ಕಾನೂನು ನೆರವಿನ ಕಾಯ್ದೆ ತಂದಿತು. 2013ರಿಂದ, ಪೊಲೀಸರು ಯಾರನ್ನಾದರೂ ಹಿಡಿದರೆ ನೆರವು ಕೇಂದ್ರಕ್ಕೆ ತಿಳಿಸಲೇಬೇಕು, ಕೇಂದ್ರ ವಕೀಲರನ್ನು ಕಳಿಸಬೇಕು. ಪುಟ್ಟ ಮಾಲ್ಡೋವಾ 2007ರ ತನ್ನ ಕಾಯ್ದೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಳ್ಳಿಯವರನ್ನೇ ಆರಿಸಿ, ತರಬೇತಿ ಕೊಟ್ಟು, ಊರಿನಲ್ಲೇ ಕಾನೂನಿನ ಮೊದಲ ಸಲಹೆ ಕೊಡುವವರನ್ನಾಗಿ ಮಾಡಿತು. ಕರಿ ಕೋಟಿನ ಹೆದರಿಕೆ ಇಲ್ಲ, ಪೇಟೆಗೆ ಅಲೆಯುವ ಖರ್ಚಿಲ್ಲ.

ಇನ್ನು ಎಸ್ಟೋನಿಯಾ. ಎಸ್ಟೋನಿಯನ್ ಮನೆಮಾತಾಡುವವರು ಸುಮಾರು 11 ಲಕ್ಷ ಜನ. ನಮ್ಮ ದೊಡ್ಡ ಜಿಲ್ಲೆಯೊಂದರಷ್ಟೂ ಇಲ್ಲ! 1989ರ ಜನವರಿಯಲ್ಲಿ, ಸೋವಿಯತ್ ಹಿಡಿತದಲ್ಲಿರುವಾಗಲೇ, ತಮ್ಮ ಭಾಷೆಯನ್ನು ರಾಜ್ಯಭಾಷೆ ಎಂದು ಕಾನೂನು ಮಾಡಿಕೊಂಡರು. ಇಂದು ತಾರ್ತು ನಗರದ ಅವರ ಸರ್ವೋಚ್ಚ ನ್ಯಾಯಾಲಯ ತೀರ್ಪು ಬರೆಯುವುದು ಆ ಭಾಷೆಯಲ್ಲಿ. ಅವರ ಸರ್ಕಾರಿ ಗೆಜೆಟ್ 2010ರಿಂದ ಕಾಗದ ಬಿಟ್ಟು ಪೂರ್ತಿ ಇಂಟರ್‌ನೆಟ್ಟಿಗೆ ಬಂತು, ಓದಲು ಕಾಸು ಕೊಡಬೇಕಿಲ್ಲ. ‘ಸಣ್ಣ ಭಾಷೆಯಲ್ಲಿ ಕಾನೂನು ನಡೆಯದು’ ಎನ್ನುವ ಪಂಡಿತರು ಒಮ್ಮೆ ಇತ್ತ ನೋಡಲಿ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅದೇ ದೇಶದ ನಾರ್ವಾ ಪಟ್ಟಣದಲ್ಲಿ ಬಹುಪಾಲು ಜನರ ಮನೆಮಾತು ರಷ್ಯನ್. 1992ರಲ್ಲಿ ದೇಶದ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗಕ್ಕೆ ಯಾವ ಪೌರತ್ವವೂ ಇರಲಿಲ್ಲ. ತನ್ನ ಭಾಷೆಗೆ ನ್ಯಾಯ ಕೇಳುವವನು ಎದುರಿನವನಿಗೆ ಅರ್ಥವಾಗದ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳಬಾರದು. ಆರೋಪಿಗೆ ಕೋರ್ಟಿನ ಭಾಷೆ ಬಾರದಿದ್ದರೆ ಪುಕ್ಕಟೆ ದುಭಾಷಿ ಕೊಡಬೇಕು ಎಂದು ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 6ನೇ ವಿಧಿ ಹೇಳುತ್ತದೆ. ಈ ಮಾತು ಗೆದ್ದವರಿಗೂ ಅನ್ವಯ, ಸೋತವರಿಗೂ ಅನ್ವಯ.

ಕನ್ನಡಿಗರಾದ ನಮಗೆ ಈ ನೋವು ಹೊಸದೇ? ಸಂವಿಧಾನದ 348ನೇ ವಿಧಿಯಿಂದಾಗಿ ಹೈಕೋರ್ಟಿನ ಭಾಷೆ ಇಂಗ್ಲಿಷ್. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲೂ ತೀರ್ಪು ಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಸಹಜವಾಗಬೇಕಾದದ್ದು ಸುದ್ದಿಯಾಗುತ್ತದೆ ಎಂದರೆ ನಾವಿನ್ನೂ ಎಲ್ಲಿದ್ದೇವೆ ಎಂದು ತಿಳಿಯುತ್ತದೆ. ತನ್ನದೇ ಕೇಸಿನ ತೀರ್ಪನ್ನು ಬೇರೆಯವರಿಂದ ಓದಿಸಿಕೊಳ್ಳುವವನ ಸಂಕಟ ತಿಳಿದ ನಮಗೆ ನಾರ್ವಾದವನ ಸಂಕಟವೂ ತಿಳಿಯಬೇಕು.

ಇಷ್ಟೆಲ್ಲ ಪಡೆದದ್ದನ್ನು ಕಿತ್ತುಕೊಳ್ಳುವ ಆಟವೂ ಜೋರಾಗಿದೆ. ಸ್ಟಾಲಿನ್ ಕಾಲದ ಬಲಿಗಳ ದಾಖಲೆ ಕಾಪಾಡಿದ ‘ಮೆಮೋರಿಯಲ್’ ಸಂಸ್ಥೆಯನ್ನು ಮುಚ್ಚಲು ರಷ್ಯಾದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 28ರಂದು ಆದೇಶಿಸಿತು. ಉಕ್ರೇನ್ ಮೇಲಿನ ದಾಳಿಯ ನಂತರ ರಷ್ಯಾ ಯುರೋಪ್ ಮಂಡಳಿಯಿಂದ ಹೊರಬಿತ್ತು. 2022ರ ಸೆಪ್ಟೆಂಬರ್ 16ಕ್ಕೆ ಆ ಒಡಂಬಡಿಕೆಯ ನಂಟೂ ಕಡಿಯಿತು. ಇನ್ನೊಬ್ಬ ಬುರ್ದೊವ್‌ಗೆ ತಟ್ಟಲು ಸ್ಟ್ರಾಸ್‌ಬರ್ಗ್‌ನ ಆ ಕದ ಇಲ್ಲ. 2025ರ ಜನವರಿ 17ರಂದು ವಿರೋಧ ಪಕ್ಷದ ನಾಯಕ ಅಲೆಕ್ಸೇಯ್ ನವಾಲ್ನಿಯ ಮೂವರು ವಕೀಲರಿಗೆ ಮೂರೂವರೆಯಿಂದ ಐದೂವರೆ ವರ್ಷದ ಶಿಕ್ಷೆ ವಿಧಿಸಲಾಯಿತು. ಕಕ್ಷಿದಾರನ ಪರ ನಿಂತದ್ದೇ ಅಪರಾಧ! ವಕೀಲನೇ ಕಟಕಟೆಯಲ್ಲಿ ನಿಂತ ಮೇಲೆ ಬಡವನ ಪರ ಮಾತಾಡುವವರು ಯಾರು?

‘ಇವರೆಲ್ಲ ಪರದೇಶದ ದುಡ್ಡಿನ ಏಜೆಂಟರು’ ಎನ್ನುವುದು ಅಧಿಕಾರಸ್ಥರ ಹಳೇ ರಾಗ. ರಷ್ಯಾ 2012ರಲ್ಲಿ, ಜಾರ್ಜಿಯಾ 2024ರಲ್ಲಿ ಇದೇ ರಾಗಕ್ಕೆ ಕಾಯ್ದೆಯ ತಾಳ ಹಾಕಿದವು. ಹಣ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಜನರಿಗಿದೆ, ಲೆಕ್ಕ ಕೇಳಿ. ಆದರೆ ಲೆಕ್ಕ ಕೇಳುವ ನೆಪದಲ್ಲಿ ಬಡವನ ವಕೀಲನ ಬಾಯಿಗೆ ಬೀಗ ಹಾಕುವುದು ಹಳೆಯ ಬೀರುವಿನ ಬೀಗವೇ. ಬೆಲಾರುಸಿನ ಅಲೆಸ್ ಬಿಯಾಲ್ಯಾತ್ಸ್ಕಿ, ರಷ್ಯಾದ ಮೆಮೋರಿಯಲ್, ಉಕ್ರೇನಿನ ನಾಗರಿಕ ಸ್ವಾತಂತ್ರ್ಯ ಕೇಂದ್ರ, ಈ ಮೂವರಿಗೂ 2022ರ ನೊಬೆಲ್ ಶಾಂತಿ ಪ್ರಶಸ್ತಿ ಸುಮ್ಮನೆ ಬರಲಿಲ್ಲ.

‘ಅದರಿಂದ ನಮಗೇನು?’ ಎನ್ನಬೇಡಿ. ನಮ್ಮ ಹುಡುಗ ಹುಡುಗಿಯರು ಮೆಡಿಕಲ್ ಓದಲು ಹೋಗುವುದು ರಷ್ಯಾ, ಕಿರ್ಗಿಸ್ತಾನ್, ಜಾರ್ಜಿಯಾ, ಕಜಕಸ್ತಾನಗಳಿಗೆ. ಅವರು ಬದುಕುವುದು ಆ ಕಾನೂನಿನ ನೆರಳಿನಲ್ಲೇ. ಆದ್ದರಿಂದ ಅಲ್ಲಿನ ಸುಧಾರಣೆಗೆ ನೆರವು ಕೊಡುವ ಎಲ್ಲರನ್ನೂ, ಭಾರತ ಸರ್ಕಾರವೂ ಸೇರಿದಂತೆ, ನಾವು ನಾಲ್ಕು ಪ್ರಶ್ನೆ ಕೇಳಬೇಕು. ಕಾನೂನು ಪ್ರಕಟವಾಗಿದೆಯೇ? ಜನರಿಗೆ ತಿಳಿಯುವ ಭಾಷೆಯಲ್ಲಿದೆಯೇ? ಕಾಸಿಲ್ಲದವನಿಗೆ ವಕೀಲನಿದ್ದಾನೆಯೇ? ಗೆದ್ದವನಿಗೆ ಗೆದ್ದದ್ದು ಕೈಗೆ ಸಿಕ್ಕಿತೇ? ನಾಲ್ಕಕ್ಕೂ ಹೌದು ಎನ್ನದ ಸುಧಾರಣೆ ಬರೀ ಬೊಗಳೆ.

ಕಾನೂನು ಓದುತ್ತಿರುವ ಕನ್ನಡದ ಗೆಳೆಯರೇ, ಈ ನಾಲ್ಕು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಬೀಗ ಎಲ್ಲಿ ಕಂಡರೂ, ಮಾಸ್ಕೋವಿನಲ್ಲಾಗಲಿ ಮಂಡ್ಯದಲ್ಲಾಗಲಿ, ಕೀಲಿ ಯಾರ ಕೈಯಲ್ಲಿದೆ ಎಂದು ಗಟ್ಟಿಯಾಗಿ ಕೇಳಿ.