ಎರಡು ವರಸೆಗಳ ನಡುವೆ

ನಾಗರ ಪಂಚಮಿಯ ದಿನ ಇರಕಲ್ಲಗಡದಂಥ ಊರಿನಲ್ಲಿ ಜೋಕಾಲಿಯ ಬಳಿ ನಿಂತು ನೋಡಿರಿ. ಹುಡುಗಿಯರು ತುದಿ ಮುಟ್ಟಿದಾಗ ಮೊಣಕಾಲು ಮಡಿಸಿ ಕುಗ್ಗುತ್ತಾರೆ. ಕೆಳಕ್ಕೆ ಬಂದಾಗ ನೆಟ್ಟಗಾಗುತ್ತಾರೆ. ವೇಗವು ಅತ್ಯಧಿಕವಾಗಿರುವ ಆ ಕೆಳಬಿಂದುವಿನಲ್ಲಿ ದೇಹವನ್ನು ಮೇಲೆತ್ತಲು ಹೆಚ್ಚಿನ ಕೆಲಸ ಬೇಕು. ಆ ಕೆಲಸವೇ ಜೋಕಾಲಿಯ ಶಕ್ತಿಯಾಗಿ ಕೂಡಿಕೊಳ್ಳುತ್ತದೆ. ತಿರುವುಮುರುವಾಗಿ ಮಾಡಿದರೆ ಜೋಕಾಲಿ ಬೇಗನೆ ನಿಂತುಹೋಗುವುದು.

ಮಹಿಳೆಯರ ಜಿಮ್ನಾಸ್ಟಿಕ್ಸ್‌ನ ಅಸಮ ಜೋಡಿ ಬಾರ್‌ಗಳಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. ಅಲ್ಲಿ ಮೇಲಿನ ಬಾರ್ ನೆಲದಿಂದ 250 ಸೆಂಟಿಮೀಟರ್, ಕೆಳಗಿನದು 170 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ನಮ್ಮ ಮಲ್ಲಕಂಬದ ಮೇಲೆ ತೊಡೆಯ ಹಿಡಿತದಿಂದ ಘರ್ಷಣೆಯ ಬಲದಲ್ಲಿ ಕ್ಷಣಕಾಲ ನಿಲ್ಲಬಹುದು. ಬಾರ್‌ನಲ್ಲಿ ನಿಂತರೆ ತೂಗಿನಿಂದ ಬಂದ ಶಕ್ತಿಯೇ ನಷ್ಟ. ಮತ್ತೆ ವೇಗ ಕೂಡಿಸಲು ಬರಿದೆ ಒಂದು ತೂಗು ತೂಗಿದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ.

ಆದರೂ ಎಳೆಯ ಮಕ್ಕಳಿಗೆ ವರಸೆಗಳನ್ನು ಬಿಡಿಬಿಡಿಯಾಗಿ ತಿದ್ದಿ, ಕೊನೆಗೆ ಹೊಲಿಗೆ ಹಾಕಿದಂತೆ ಜೋಡಿಸುವ ಪದ್ಧತಿಯುಂಟು. ಇದು ತಪ್ಪೆಂದು ನನ್ನ ಅಭಿಪ್ರಾಯ. ಕಿಪ್ ಎಂಬ ವರಸೆಯನ್ನೇ ತೆಗೆದುಕೊಳ್ಳಿರಿ. ಹುಡುಗಿ ಮುಂದಕ್ಕೆ ತೂಗಿ, ಮೈ ಚಾಚಿ, ಕಣಕಾಲುಗಳನ್ನು ಬಾರ್‌ಗೆ ತಂದು, ಹಿಂದಿರುಗುವ ತೂಗಿನಲ್ಲಿ ಬಾರನ್ನು ತೊಡೆಯ ಗುಂಟ ಒತ್ತುತ್ತ ಮೇಲೇರುತ್ತಾಳೆ. ಮುಂದಿನದು ಕಾಸ್ಟ್, ಕಾಲುಗಳನ್ನು ಹಿಂದಕ್ಕೆಸೆದು ಕೈಗಳ ಮೇಲೆ ತಲೆಕೆಳಗಾಗಿ ನಿಲ್ಲುವುದು. ಕಿಪ್ ಮುಗಿಯುವಾಗಲೇ ಭುಜಗಳು ಬಾರ್‌ಗಿಂತ ಮುಂದೆ ಬಾಗಿದ್ದರೆ ಕಾಸ್ಟ್ ತಾನಾಗಿ ಹೊರಡುತ್ತದೆ. ಭುಜಗಳು ಹಿಂದುಳಿದಿದ್ದರೆ ಅವಳು ನಿಂತು, ಬಾಗಿ, ಬರಿಯ ತೋಳಿನ ಬಲದಿಂದ ಎತ್ತಬೇಕಾಗುತ್ತದೆ. ಕಿಪ್ ಒಂದನ್ನೇ ನೋಡಿದ ಗುರುವಿಗೆ ಈ ದೋಷವು ಕಾಣಿಸದು, ಏಕೆಂದರೆ ಅವನ ಕಣ್ಣಿಗೆ ಅದು ಪೂರ್ತಿಯಾಗಿದೆ!

ಪರಿಣಾಮವು ಅಂಕಕ್ಕಷ್ಟೇ ನಿಲ್ಲುವುದಿಲ್ಲ. ತಲೆಕೆಳಗಾದ ನಿಲುವಿನಿಂದ ಮೈ ಚಾಚಿ ಪೂರ್ಣ ಸುತ್ತು ಬರುವಾಗ, ದೇಹವನ್ನು ಏಕರೂಪದ ಸರಳೆಂದು ಭಾವಿಸಿ ಲೆಕ್ಕ ಹಾಕಿದರೆ, ಕೆಳಬಿಂದುವಿನಲ್ಲಿ ಕೈಗಳ ಮೇಲೆ ದೇಹತೂಕದ 4 ಪಟ್ಟು ಬಲ ಬೀಳುತ್ತದೆ. 30 ಕಿಲೋ ತೂಕದ ಬಾಲಿಕೆಗೆ ಅದು 120 ಕಿಲೋ ಭಾರಕ್ಕೆ ಸಮ. ಹಿಡಿತವು ಸಡಿಲವಾಗಿಯೋ ಕಾಲ ತಪ್ಪಿಯೋ ಬಂದವಳಿಗೆ ಅಲ್ಲಿ ತಿದ್ದಿಕೊಳ್ಳುವ ಅವಕಾಶವಿಲ್ಲ. ಅಲ್ಲದೆ ಬೆಳೆಯುವ ಮಕ್ಕಳ ಮಣಿಕಟ್ಟಿನ ಬಳಿ ಎಲುಬಿನ ಬೆಳವಣಿಗೆಯ ಪದರ ಇನ್ನೂ ಮೃದು. ತಪ್ಪು ಜೋಡಣೆಯನ್ನು ನೂರು ಸಲ ಮಾಡಿಸಿ ಸರಿಪಡಿಸುತ್ತೇವೆನ್ನುವವರು ಆ ಪದರದ ಮೇಲೆ ನೂರು ಸಲ ಭಾರ ಹೇರುತ್ತಾರೆ.

ಮಗುವಿಗೆ ಎಲ್ಲವನ್ನೂ ಒಮ್ಮೆಗೇ ಕಲಿಸಲಾಗದೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ತುಂಡು ಮಾಡಲೇಬೇಕು, ಆದರೆ ವರಸೆಯ ನಡುವೆ ಕತ್ತರಿಸಿರಿ, ಕೊಂಡಿಯಲ್ಲಿ ಬೇಡ. ಕಿಪ್‌ನ ಕೊನೆಯರ್ಧವನ್ನೂ ಕಾಸ್ಟ್‌ನ ಮೊದಲರ್ಧವನ್ನೂ ಕೂಡಿಸಿ ಒಂದೇ ಪಾಠವಾಗಿ, ಕೆಳಗಿನ ಬಾರ್‌ನಲ್ಲಿ, ದಪ್ಪ ಹಾಸಿನ ಮೇಲೆ ಕಲಿಸಬಹುದು. ಗುರುವಿನ ಕೈ ಪಕ್ಕದಲ್ಲಿ ಇರಲೇಬೇಕು, ಆದರೆ ಕಾವಲಿಗಾಗಿ. ಆ ಕೈ ಪ್ರತಿಸಲ ತೊಡೆಯನ್ನೆತ್ತಿ ಕಳೆದುಹೋದ ಶಕ್ತಿಯನ್ನು ತುಂಬಿಕೊಡುತ್ತಿದ್ದರೆ, ಅದು ಎಲ್ಲಿ ಕಳೆಯಿತೆಂಬುದು ಹುಡುಗಿಗೆ ತಿಳಿಯುವುದಾದರೂ ಹೇಗೆ?